ಕುಳ್ಳ ಸಿಕ್ಲಿಡ್‌ನ ಮರಿಗಳು: ತಾಯಿಯ ಬಳಿಯೋ, ಬೇರೆ ತೊಟ್ಟಿಯೋ

ಅಪಿಸ್ಟೊಗ್ರಾಮಾ ಕಕಟುವಾಯ್ಡಿಸ್ ಪೆರುವಿನ ಅಮೆಜಾನ್ ಕೊಳ್ಳದಲ್ಲಿ, ಎಲೆ ಉದುರಿ ಹಾಸಿದ ಆಳವಿಲ್ಲದ ತೊರೆಗಳ ಮೀನು. ಗಂಡು ಎಂಟೊಂಬತ್ತು ಸೆಂಟಿಮೀಟರ್ ಬೆಳೆದರೆ ಹೆಣ್ಣು ಐದರ ಆಸುಪಾಸಿನಲ್ಲೇ ನಿಲ್ಲುತ್ತದೆ. ಈ ಕುಳ್ಳ ಸಿಕ್ಲಿಡ್ ಮನೆಯ ಅಕ್ವೇರಿಯಂನಲ್ಲಿ ಮೊಟ್ಟೆ ಇಡಲು ಹೆಚ್ಚು ಸತಾಯಿಸುವುದಿಲ್ಲ. ತೂತು ಕೊರೆದು ಬೋರಲು ಹಾಕಿದ ತೆಂಗಿನ ಕರಟ ಸಾಕು. ಮರಿ ಉಳಿಸಿಕೊಳ್ಳುವುದು ಬೇರೆಯೇ ಮಾತು. ಅದಕ್ಕೆ ಎರಡು ಪದ್ಧತಿಗಳು ರೂಢಿಯಲ್ಲಿವೆ: ಮೊಟ್ಟೆಗಳನ್ನು ಕರಟದ ಸಮೇತ ಎತ್ತಿ ಬೇರೆ ತೊಟ್ಟಿಯಲ್ಲಿ ಮರಿಮಾಡಿಸುವುದು ಒಂದು, ಎಲ್ಲವನ್ನೂ ತಾಯಿಗೇ ಬಿಡುವುದು ಇನ್ನೊಂದು.

ಮೊದಲನೆಯದರ ಆಕರ್ಷಣೆ ಇರುವುದು ಮರಿಗಳ ಲೆಕ್ಕದಲ್ಲಿ. ಮೊಟ್ಟೆಗಳ ಪಕ್ಕದಲ್ಲಿ ಏರ್‌ಸ್ಟೋನ್ ಇಟ್ಟು, ಬೂಸು ಹಿಡಿಯದಂತೆ ನಾಲ್ಕು ಹನಿ ಮೆಥಿಲಿನ್ ಬ್ಲೂ ಬಿಟ್ಟರೆ ಬಹುಪಾಲು ಒಡೆದು ಮರಿಯಾಗುತ್ತವೆ. ಮಾರಾಟಕ್ಕೆ ಸಾಕುವವರು ಇದನ್ನು ನೆಚ್ಚಿಕೊಂಡಿರುವುದು ಸಹಜ. ಆದರೆ ಮನೆಗಳಲ್ಲಿ ಮರಿಗಳು ಹೆಚ್ಚಾಗಿ ಸಾಯುವುದು ಈಜಲು ತೊಡಗಿದ ಮೊದಲ ವಾರದಲ್ಲಿ, ಹಸಿವಿನಿಂದ ಇಲ್ಲವೇ ಕೆಟ್ಟ ನೀರಿನಿಂದ. ತಾಯಿಯನ್ನು ದೂರವಿಟ್ಟ ಮಾತ್ರಕ್ಕೆ ಇವೆರಡೂ ನೀಗುವುದಿಲ್ಲ. ಹೊಸದಾಗಿ ತುಂಬಿಸಿದ ಬೋಳು ತೊಟ್ಟಿಯಲ್ಲಂತೂ ಇನ್ನಷ್ಟು ಕಷ್ಟ: ಕುಕ್ಕಿ ತಿನ್ನಲು ಪಾಚಿಯಿಲ್ಲ, ಅಮೋನಿಯಾವನ್ನು ಕರಗಿಸುವ ಬ್ಯಾಕ್ಟೀರಿಯಾವೂ ಇಲ್ಲ.

ಇತ್ತ ತಾಯಿ ಮಾಡುವ ಕೆಲಸ ಸಣ್ಣದಲ್ಲ. ಮೊಟ್ಟೆ ಇಟ್ಟ ಹೆಣ್ಣಿನ ಮೈ ಕಡುಹಳದಿಗೆ ತಿರುಗಿ ಕಪ್ಪು ಗುರುತುಗಳು ಎದ್ದು ಕಾಣುತ್ತವೆ. ಕರಟದ ಒಳಮೇಲ್ಭಾಗಕ್ಕೆ ಅಂಟಿದ ಮೊಟ್ಟೆಗಳಿಗೆ ಅದು ರೆಕ್ಕೆಯಿಂದ ನೀರು ಬೀಸುತ್ತದೆ, ಕೆಟ್ಟವನ್ನು ಆರಿಸಿ ತಿನ್ನುತ್ತದೆ. ಮೂರು ನಾಲ್ಕು ದಿನಕ್ಕೆ ಒಡೆದ ಮರಿಗಳು ಮೊಟ್ಟೆಚೀಲ ಕರಗುವವರೆಗೆ, ಇನ್ನೂ ನಾಲ್ಕೈದು ದಿನ, ನೆಲದಲ್ಲೇ ಮಿಸುಕಾಡುತ್ತವೆ. ಆಮೇಲೆ ತಾಯಿ ಇಡೀ ಹಿಂಡನ್ನು ಹೊರಗೆ ಕರೆತಂದು ಎಲೆಯಿಂದ ಎಲೆಗೆ ಮೇಯಿಸುತ್ತದೆ. ಅಪಾಯ ಕಂಡರೆ ಒಮ್ಮೆ ಮೈ ಅದುರಿಸುತ್ತದೆ. ಮರಿಗಳೆಲ್ಲ ತಟಕ್ಕನೆ ನೆಲಕ್ಕಿಳಿದು ಅಲುಗದೆ ಉಳಿಯುತ್ತವೆ. ಮೊದಲ ಸಲ ಮೊಟ್ಟೆಯನ್ನೆಲ್ಲ ತಿಂದುಹಾಕಿದ ಹೆಣ್ಣನ್ನು ಕೆಟ್ಟ ತಾಯಿ ಎಂದು ತೀರ್ಮಾನಿಸುವುದು ಆತುರ, ಮುಂದಿನ ಒಂದೆರಡು ಸಲದಲ್ಲಿ ಅದೇ ಹೆಣ್ಣು ಮರಿ ಸಾಕುವುದು ಸಾಮಾನ್ಯ.

ಆಹಾರದ ವಿಷಯದಲ್ಲಿ ರಾಜಿಗೆ ಅವಕಾಶ ಕಡಿಮೆ. ಉಪ್ಪುನೀರಿನಲ್ಲಿ ಒಂದು ಒಂದೂವರೆ ದಿನದಲ್ಲಿ ಒಡೆಯುವ ಆರ್ಟೀಮಿಯಾ ಎಂಬ ಪುಟ್ಟ ಸಿಗಡಿಯ ಮರಿಗಳು ಅರ್ಧ ಮಿಲಿಮೀಟರ್‌ಗಿಂತ ದೊಡ್ಡವಲ್ಲ, ಈಜುವ ಮರಿಯ ಬಾಯಿಗೆ ಸರಿಹೋಗುತ್ತವೆ. ಒಡೆದ ಕೆಲವೇ ಗಂಟೆಗಳಲ್ಲಿ ಅವುಗಳ ಸತ್ವ ಇಳಿಯುವುದರಿಂದ ಆಗಿಂದಾಗ್ಗೆ ಹೊಸದು ಮಾಡಿಕೊಳ್ಳಬೇಕು. ಬೇಯಿಸಿದ ಮೊಟ್ಟೆಯ ಹಳದಿಯನ್ನು ಕದಡಿ ಹಾಕುವ ಹಳೆಯ ಉಪಾಯ ಅಗ್ಗ, ಅಷ್ಟೇ. ಮರಿ ತಿನ್ನುವುದಕ್ಕಿಂತ ನೀರು ಕೆಡುವುದೇ ಹೆಚ್ಚು. ಕೆಳಗೆ ಒಣಗಿದ ಕಾಡುಬಾದಾಮಿ ಎಲೆ ಹಾಸಿದರೆ ಅದರ ಮೇಲೆ ಬೆಳೆಯುವ ಸೂಕ್ಷ್ಮಜೀವಿಗಳು ಊಟದ ನಡುವಿನ ಹೊತ್ತನ್ನು ತುಂಬುತ್ತವೆ. ಫಿಲ್ಟರ್ ಸ್ಪಂಜಿನದ್ದೇ ಇರಬೇಕು, ಬೇರೆಯವು ಮರಿಗಳನ್ನು ಎಳೆದುಕೊಳ್ಳುತ್ತವೆ. ನೀರನ್ನು ದಿನವೂ ಸ್ವಲ್ಪ ಸ್ವಲ್ಪವೇ ಬದಲಿಸುವುದು ಲೇಸು.

ಹೆಚ್ಚಿನವರು ಲಕ್ಷ್ಯ ಕೊಡದ ಒಂದು ಅಂಶ ನೀರಿನ ಬಿಸಿ. ರೋಮರ್ ಮತ್ತು ಬೈಸನ್‌ಹೆರ್ಟ್ಸ್ 1996ರಲ್ಲಿ ಪ್ರಕಟಿಸಿದ ಅಧ್ಯಯನ, ಅಪಿಸ್ಟೊಗ್ರಾಮಾದ ಹಲವು ಪ್ರಭೇದಗಳಲ್ಲಿ ಬಿಸಿ ಹೆಚ್ಚಿದಷ್ಟೂ ಗಂಡುಗಳು ಹೆಚ್ಚುವುದನ್ನು ತೋರಿಸಿತು. ಬೇಗ ಬೆಳೆಯಲಿ ಎಂದು ಹೀಟರ್ ಏರಿಸಿದವನ ತೊಟ್ಟಿಯಲ್ಲಿ ಬರೀ ಗಂಡುಗಳ ಜಗಳ ನೋಡಬೇಕಾದೀತು.

ಮೊಟ್ಟೆ ಎತ್ತುವ ಪದ್ಧತಿಗೂ ಅದರದೇ ಜಾಗವಿದೆ. ರ್‍ಯಾಮ್ ಎಂದು ಅಂಗಡಿಯಲ್ಲಿ ಸಿಗುವ ಮೈಕ್ರೊಜಿಯೊಫೇಗಸ್ ರಮಿರೆಝಿಯ ಜೋಡಿಗಳು ಸಲಸಲವೂ ಮೊಟ್ಟೆ ತಿನ್ನುತ್ತಿದ್ದರೆ, ಅಥವಾ ಬೇರೆ ಮೀನುಗಳಿಂದ ಕಿಕ್ಕಿರಿದ ತೊಟ್ಟಿಯಲ್ಲಿ ಮೊಟ್ಟೆ ಬಿದ್ದಿದ್ದರೆ, ಬೇರೆ ದಾರಿಯಿಲ್ಲ. ಕಕಟುವಾಯ್ಡಿಸ್‌ನ ಮಟ್ಟಿಗೆ ಗಂಡನ್ನು ಹೊರಗಿಟ್ಟರೆ ಬಹುತೇಕ ಸಾಕು. ಇಕ್ಕಟ್ಟಾದ ತೊಟ್ಟಿಯಲ್ಲಿ ಮರಿಗಳೊಂದಿಗಿರುವ ಹೆಣ್ಣು ತನಗಿಂತ ಎಷ್ಟೋ ದೊಡ್ಡ ಗಂಡನ್ನು ಮೂಲೆಗೊತ್ತಿ ಕಚ್ಚಿಹಾಕುತ್ತದೆ. ಕೆಲವು ವಾರ ಕಳೆದು ತಾಯಿ ಮತ್ತೆ ಮೊಟ್ಟೆಗೆ ಅಣಿಯಾಗಿ ಮರಿಗಳನ್ನೇ ಅಟ್ಟತೊಡಗಿದಾಗ ಅವನ್ನು ಬೇರ್ಪಡಿಸಬೇಕು. ಎರಡನೆಯ ತೊಟ್ಟಿ ನಿಜವಾಗಿ ಬೇಕಾಗುವುದು ಆಗ.