ಒಂದೇ ಹೆಸರು, ಎರಡು ಪುಸ್ತಕ

ಧರ್ಮಕೇಂದ್ರದ ಕಪಾಟಿನಲ್ಲಿರುವ ದೀಕ್ಷಾಸ್ನಾನದ ದಾಖಲೆ ಪುಸ್ತಕವನ್ನು ನಾವು ತೆರೆಯುವುದು ಸಾಮಾನ್ಯವಾಗಿ ಯಾರಿಗಾದರೂ ಪ್ರಮಾಣಪತ್ರ ಬೇಕಾದಾಗ. ಅದರ ಒಂದೊಂದು ಸಾಲೂ ‘ಈ ಜೀವ ದೇವರ ಮಗು’ ಎಂದು ಧರ್ಮಸಭೆ ನೀಡಿದ ಸಾಕ್ಷ್ಯವೆಂಬುದು ನೆನಪಾಗುವುದು ಕಡಿಮೆ. ಅಮೆರಿಕದ ಪತ್ರಕರ್ತೆ ರೇಚಲ್ ಸ್ವಾರ್ನ್ಸ್ 2023ರಲ್ಲಿ ಪ್ರಕಟಿಸಿದ ‘ದ 272’ ಎಂಬ ಗ್ರಂಥ ಅದನ್ನು ನೆನಪಿಸುತ್ತದೆ. ನೆನಪಿಸುವ ರೀತಿ ಮಾತ್ರ ಮನಸ್ಸಿನ ನೆಮ್ಮದಿಯನ್ನು ಕೆಡಿಸುವಂಥದು.

ಮೇರಿಲ್ಯಾಂಡಿನಲ್ಲಿ ಯೇಸುಸಭೆಯ ಗುರುಗಳಿಗೆ ವಿಶಾಲವಾದ ಜಮೀನುಗಳಿದ್ದವು. ಅಲ್ಲಿ ದುಡಿಯುತ್ತಿದ್ದವರು ಆಫ್ರಿಕ ಮೂಲದ ಗುಲಾಮರು. ಅದೇ ಗುರುಗಳ ಕೈಯಿಂದ ದೀಕ್ಷಾಸ್ನಾನ ಪಡೆದ ಕಥೋಲಿಕರು. 1789ರಲ್ಲಿ ಸ್ಥಾಪನೆಯಾದ ಜಾರ್ಜ್‌ಟೌನ್ ಕಾಲೇಜು ಸಾಲದಲ್ಲಿ ಮುಳುಗಿದ್ದ ಹೊತ್ತಿನಲ್ಲಿ, 1838ರ ಜೂನ್ ತಿಂಗಳಲ್ಲಿ, ಪ್ರಾಂತ್ಯದ ಮುಖ್ಯಸ್ಥ ಫಾದರ್ ಥಾಮಸ್ ಮಲೆಡಿ 272 ಮಂದಿಯನ್ನು 1,15,000 ಡಾಲರಿಗೆ ಮಾರುವ ಒಪ್ಪಂದಕ್ಕೆ ಸಹಿ ಹಾಕಿದರು. ಕೊಂಡವರು ಲೂಸಿಯಾನದ ಹೆನ್ರಿ ಜಾನ್ಸನ್ ಮತ್ತು ಜೆಸ್ಸಿ ಬೇಟಿ.

ಆ ಮಾರಾಟಪತ್ರವನ್ನು ಒಂದು ಬರಹವಾಗಿ ಓದಿ ನೋಡಬೇಕು. ಅದರಲ್ಲಿ ಕ್ರೌರ್ಯದ ಒಂದು ಪದವೂ ಇಲ್ಲ. ಮೊದಲ ಹೆಸರು ಐಸಾಕ್, ವಯಸ್ಸು 65. ಆಮೇಲೆ ಅವರ ಹಿರಿಯ ಮಗ, ಆಮೇಲೆ ಮಗಳು. ಹೀಗೆ ಸಂಬಂಧಗಳನ್ನು ಎಚ್ಚರಿಕೆಯಿಂದ ಗುರುತಿಸುತ್ತ ಪಟ್ಟಿ ಸಾಗುತ್ತದೆ. ಎರಡು ತಿಂಗಳ ಕೂಸೂ ಮಾರಾಟದಿಂದ ಹೊರಗುಳಿಯಲಿಲ್ಲ. ಜನರನ್ನು ಸಾಗಿಸಿದ ಹಡಗುಗಳಲ್ಲೊಂದಾದ ‘ಕ್ಯಾಥರೀನ್ ಜಾಕ್ಸನ್’ನ ಯಾದಿ ಇನ್ನೂ ಚೊಕ್ಕ: ಹೆಸರು, ವಯಸ್ಸು, ಎತ್ತರ, ಮೈಬಣ್ಣ. ವಿದೇಶದಿಂದ ಗುಲಾಮರನ್ನು ತರುವುದನ್ನು 1808ರಿಂದ ನಿಷೇಧಿಸಿದ ಕಾನೂನೇ, ಒಳನಾಡಿನ ಒಂದು ಬಂದರಿನಿಂದ ಇನ್ನೊಂದಕ್ಕೆ ಒಯ್ಯುವವರಿಗೆ ಇಂಥ ಯಾದಿಯನ್ನು ಕಡ್ಡಾಯ ಮಾಡಿತ್ತು. ಪಾಪ ಯಾವಾಗಲೂ ಬೊಬ್ಬೆ ಹಾಕುತ್ತ ಬರುವುದಿಲ್ಲ. ಹಲವು ವೇಳೆ ಅದು ಸುಂದರವಾದ ಕೈಬರಹದಲ್ಲಿ, ಕಾನೂನುಬದ್ಧವಾಗಿ ಬರುತ್ತದೆ.

ರೋಮಿನೊಡನೆ ನಡೆದ ಪತ್ರವ್ಯವಹಾರ ಇನ್ನಷ್ಟು ಕಳವಳಕಾರಿ. ಯೇಸುಸಭೆಯ ವಿಶ್ವಮುಖ್ಯಸ್ಥ ಫಾದರ್ ಯಾನ್ ರೋಥಾನ್ ಮಾರಾಟಕ್ಕೆ ಷರತ್ತು ವಿಧಿಸಿದ್ದರು: ಕುಟುಂಬಗಳನ್ನು ಒಡೆಯಬಾರದು, ಅವರ ಧರ್ಮಾಚರಣೆಗೆ ಅವಕಾಶವಿರಬೇಕು, ಬಂದ ಹಣವನ್ನು ಸಾಲ ತೀರಿಸಲು ಬಳಸಬಾರದು. ಈ ಷರತ್ತುಗಳು ಉಳಿಯಲಿಲ್ಲ. ಕುಟುಂಬಗಳು ಚದುರಿದವು, ಮೊದಲ ಕಂತಿನ ದೊಡ್ಡ ಪಾಲು ಕಾಲೇಜಿನ ಸಾಲಕ್ಕೇ ಹೋಯಿತು. ಹತ್ತು ವರ್ಷಗಳ ನಂತರ, 1848ರಲ್ಲಿ, ಲೂಸಿಯಾನಕ್ಕೆ ಭೇಟಿ ಕೊಟ್ಟ ಫಾದರ್ ವಾನ್ ಡ ವೆಲ್ಡ ಅವರು ಈ ಜನರಿಗೆ ಧರ್ಮೋಪದೇಶದ ಅವಕಾಶವೇ ಇಲ್ಲವೆಂದು ಮೇರಿಲ್ಯಾಂಡಿಗೆ ಬರೆದರು. ಷರತ್ತು ಮುರಿದದ್ದು ತಪ್ಪೆಂಬುದರಲ್ಲಿ ಸಂದೇಹವಿಲ್ಲ. ಆದರೆ ಷರತ್ತು ಪಾಲನೆಯಾಗಿದ್ದರೆ ಮಾರಾಟ ಸರಿಯಾಗುತ್ತಿತ್ತೇ?

ಸ್ವಾರ್ನ್ಸ್ ಅವರ ಗ್ರಂಥದ ಹಿರಿಮೆಯೆಂದರೆ ಅವರು 272 ಎಂಬ ಸಂಖ್ಯೆಯಲ್ಲಿ ನಿಲ್ಲದೆ ಮಹೋನಿ ಎಂಬ ಒಂದು ಮನೆತನದ ಬೆನ್ನು ಹಿಡಿದದ್ದು. ಲೂಯಿಸಾ ಮಹೋನಿ ಕಾಡಿನಲ್ಲಿ ಅಡಗಿ ಪಾರಾದರು. ಸೋದರಿ ಆನಾ ಮಕ್ಕಳೊಡನೆ ಲೂಸಿಯಾನ ಸೇರಬೇಕಾಯಿತು. ಲೇಖಕಿ ಸ್ವತಃ ಕಥೋಲಿಕ ವಿಶ್ವಾಸಿ. ಆರೋಪಿಸುವ ಆತುರ ಅವರಿಗಿಲ್ಲ. ನನಗೆ ಕೊರತೆಯೆನಿಸಿದ್ದು ಒಂದು. ಕುಟುಂಬದ ಕಥೆಯ ಓಟದಲ್ಲಿ ದೈವಶಾಸ್ತ್ರದ ಪ್ರಶ್ನೆ ಹಿಂದೆ ಸರಿದಿದೆ. ಒಡೆಯನು ದಯೆಯಿಂದ ನಡೆಸಿಕೊಂಡರೆ ಗುಲಾಮಗಿರಿ ಸ್ವತಃ ಪಾಪವಲ್ಲ ಎಂಬ ಬೋಧನೆ ಆ ಗುರುಗಳ ಆತ್ಮಸಾಕ್ಷಿಗೆ ಜೋಗುಳ ಹಾಡಿತ್ತು. 1839ರ ಡಿಸೆಂಬರಿನಲ್ಲಿ ಜಗದ್ಗುರು ಹದಿನಾರನೇ ಗ್ರೆಗರಿ ಗುಲಾಮರ ವ್ಯಾಪಾರವನ್ನು ಖಂಡಿಸಿದಾಗಲೂ, ಅದು ಹೊರದೇಶದ ವ್ಯಾಪಾರಕ್ಕೆ ಮಾತ್ರ ಅನ್ವಯಿಸುತ್ತದೆಂದು ಬಿಷಪ್ ಜಾನ್ ಇಂಗ್ಲೆಂಡ್ ಅರ್ಥೈಸಿದರು. ಗುರುಮಠದಲ್ಲಿ ಕಲಿತ ನಮ್ಮಂಥವರು ತಡೆದು ನಿಲ್ಲಬೇಕಾದ ಜಾಗ ಇದು: ತರ್ಕ ಸರಿಯಾಗಿತ್ತು, ಕಣ್ಣು ಮಾತ್ರ ಮುಚ್ಚಿತ್ತು.

ಈ ಕತ್ತಲೆಯಲ್ಲಿ ದಾರಿ ತೋರಿಸಿದ್ದೂ ಧರ್ಮಸಭೆಯ ಪುಸ್ತಕಗಳೇ. ಮಾರಾಟದ ಕಾಗದದಲ್ಲಿ ಬಹುತೇಕರಿಗೆ ಮನೆತನದ ಹೆಸರಿಲ್ಲ. ದೀಕ್ಷಾಸ್ನಾನ ಹಾಗೂ ವಿವಾಹದ ದಾಖಲೆಗಳು ವಂಶದ ಎಳೆಗಳನ್ನು ಹಿಡಿದಿಟ್ಟಿವೆ. 13ನೇ ವಯಸ್ಸಿನಲ್ಲಿ ಮಾರಾಟವಾದ ಕೊರ್ನೇಲಿಯಸ್ ಹಾಕಿನ್ಸ್ ಅವರ ಸಮಾಧಿ ಲೂಸಿಯಾನದ ಮ್ಯಾರಿಂಗ್ವಿನ್ ಊರಿನ ಕಥೋಲಿಕ ಸ್ಮಶಾನದಲ್ಲಿದೆ. ತಮ್ಮನ್ನು ಮಾರಿದ ಗುರುಗಳ ವಿಶ್ವಾಸವನ್ನು ಆ ಜನ ತೊರೆಯಲಿಲ್ಲ. ಈ ಇಡೀ ಕಥೆಯಲ್ಲಿ ನನ್ನನ್ನು ತಲೆತಗ್ಗಿಸುವಂತೆ ಮಾಡಿದ್ದು ಈ ನಿಷ್ಠೆ.

ಹಳೆಯ ಗಾಯವನ್ನು ಕೆದಕುವುದೇಕೆ, ಧರ್ಮಸಭೆಯ ವೈರಿಗಳ ಕೈಗೆ ಕೋಲು ಕೊಡುವುದೇಕೆ ಎಂದು ಕೇಳುವವರಿದ್ದಾರೆ. ಪಾಪನಿವೇದನೆಯ ಪೀಠದಲ್ಲಿ ನಾವು ಜನರಿಗೆ ಹೇಳುವುದೇನು? ಪಶ್ಚಾತ್ತಾಪ, ನಿವೇದನೆ, ಪರಿಹಾರ, ಮೂರೂ ಬೇಕು. ಸಂಸ್ಥೆಗೊಂದು ಬೇರೆ ನ್ಯಾಯವಿಲ್ಲ. 2017ರ ಏಪ್ರಿಲಿನಲ್ಲಿ ಜಾರ್ಜ್‌ಟೌನಿನಲ್ಲಿ ವಂಶಜರ ಮುಂದೆ ಯೇಸುಸಭೆ ತನ್ನ ಪಾಪವನ್ನು ಒಪ್ಪಿಕೊಂಡಿತು; ಮಲೆಡಿಯವರ ಹೆಸರಿದ್ದ ಕಟ್ಟಡಕ್ಕೆ ಪಟ್ಟಿಯ ಮೊದಲಿಗ ಐಸಾಕ್ ಹಾಕಿನ್ಸ್ ಅವರ ಹೆಸರಿಡಲಾಯಿತು. 2021ರಲ್ಲಿ ಯೇಸುಸಭೆ ಹತ್ತು ಕೋಟಿ ಡಾಲರ್ ಸಂಗ್ರಹಿಸುವ ವಾಗ್ದಾನ ಮಾಡಿತು. ವಾಗ್ದಾನ ಪರಿಹಾರವಾಗುವುದು ಈಡೇರಿದಾಗ. ಜಕ್ಕಾಯನು ಮರದಿಂದ ಇಳಿದು ಬಂದ ಮೇಲೆ ಆಡಿದ್ದು ಬರೀ ವಿಷಾದದ ಮಾತಲ್ಲ. ನಾಲ್ಕು ಪಟ್ಟು ಹಿಂದಿರುಗಿಸುವ ಮಾತು.

ಆ ಗುರುಗಳ ಕಪಾಟಿನಲ್ಲಿ ಎರಡು ಬಗೆಯ ಪುಸ್ತಕಗಳಿದ್ದವು. ಒಂದರಲ್ಲಿ ಐಸಾಕನಂಥವರು ದೇವರ ಮಕ್ಕಳು, ಇನ್ನೊಂದರಲ್ಲಿ ಆಸ್ತಿ. ಎರಡನ್ನೂ ಅಕ್ಕಪಕ್ಕ ಇಟ್ಟು ಓದುವವರು ಅಂದು ಇರಲಿಲ್ಲ. ನಮ್ಮ ಧರ್ಮಕೇಂದ್ರಗಳ ಕಪಾಟಿನಲ್ಲಿಯೂ ಸಂಸ್ಕಾರಗಳ ದಾಖಲೆಯ ಪಕ್ಕದಲ್ಲೇ ಸಂಬಳದ, ಬಾಡಿಗೆಯ, ಕೂಲಿಯ ಲೆಕ್ಕದ ಪುಸ್ತಕಗಳಿವೆ. ವರ್ಷಕ್ಕೊಮ್ಮೆಯಾದರೂ ಅವೆರಡನ್ನೂ ಒಂದೇ ಮೇಜಿನ ಮೇಲೆ ತೆರೆದಿಟ್ಟು, ಎರಡರಲ್ಲೂ ಇರುವ ಹೆಸರುಗಳನ್ನು ಹುಡುಕೋಣ.