ಚಕ್ರದೊಳಗಣ ವಾಯು

ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಗಾಳಿಯ ಪೈಪು ಹಿಡಿದು ನಿಂತ ಹುಡುಗನು "ಎಷ್ಟು ಹಾಕ್ಲಿ ಸಾರ್?" ಎಂದು ಕೇಳಿದೊಡನೆ, ಕಾರಿನ ಬಣ್ಣದ ವಿಷಯದಲ್ಲಿ ಮನೆಮಂದಿಯೊಡನೆ ವಾರಗಟ್ಟಲೆ ಚರ್ಚಿಸಿದ, ಮೈಲೇಜಿನ ಮಾತು ಬಂದರೆ ಯಾರಿಗೂ ಸೋಲದ ಮಹನೀಯರು ಸಹ ಅರೆಗಳಿಗೆ ತಬ್ಬಿಬ್ಬಾಗಿ, ಬಳಿಕ ಗಂಭೀರವಾಗಿ "ಮೂವತ್ತೈದು ಹಾಕಪ್ಪ" ಎಂದುಬಿಡುವುದನ್ನು ನಾನು ಕಂಡಿದ್ದೇನೆ. ಆ ಅಂಕಿಗೆ ಆಧಾರವೇನೆಂದು ವಿಚಾರಿಸಿದರೆ, ಮುಂದಿನ ಕಾರಿನವರು ಅಷ್ಟನ್ನೇ ಹಾಕಿಸಿದರೆಂಬುದಕ್ಕಿಂತ ಬಲವಾದ ಪ್ರಮಾಣ ದೊರೆಯುವುದು ವಿರಳ.

ಪ್ರಮಾಣವಾದರೋ ಅವರ ಮೊಣಕೈ ಬಳಿಯಲ್ಲೇ ಇರುತ್ತದೆ. ಚಾಲಕನ ಬಾಗಿಲನ್ನು ತೆರೆದರೆ ಸಾಮಾನ್ಯವಾಗಿ ಅಲ್ಲಿಯ ಕಂಬದ ಮೇಲೆ ಅಂಟಿಸಿರುವ ಚೀಟಿಯಲ್ಲಿ, ಮುಂದಿನ ಚಕ್ರಗಳಿಗೆಷ್ಟು, ಹಿಂದಿನವಕ್ಕೆಷ್ಟು, ಸಾಮಾನು ಹೇರಿ ಸಕುಟುಂಬವಾಗಿ ಹೊರಟಾಗ ಎಷ್ಟು ಎಂಬುದನ್ನು ಕಾರನ್ನು ನಿರ್ಮಿಸಿದವರೇ ಮುದ್ರಿಸಿರುತ್ತಾರೆ. ಟೈರಿನ ಪಕ್ಕೆಯ ಮೇಲೆ ಉಬ್ಬಕ್ಷರದಲ್ಲಿರುವ ದೊಡ್ಡ ಅಂಕಿಯು ಆ ಟೈರು ತಾಳಬಲ್ಲ ಪರಮಾವಧಿಯೇ ಹೊರತು ಅದಕ್ಕೆ ತುಂಬಬೇಕಾದ ಗಾಳಿಯ ಅಳತೆಯಲ್ಲ.

ಸಾವಿರ ಕಿಲೋ ತೂಗುವ ಕಾರನ್ನು ಹೊತ್ತಿರುವುದು ರಬ್ಬರಲ್ಲ, ಅದರೊಳಗೆ ಬಂಧಿತವಾದ ವಾಯು. ಆ ಕಾರು ನೆಲವನ್ನು ಮುಟ್ಟುವುದು ಚಕ್ರಕ್ಕೆ ಅಂಗೈಯಗಲದಷ್ಟು ಎಡೆಯಲ್ಲಿ ಮಾತ್ರ. ಗಾಳಿ ಕಡಿಮೆಯಾದರೆ ಟೈರಿನ ಅಂಚುಗಳು ಸವೆದು, ಪಕ್ಕೆಗಳು ಸುತ್ತುಸುತ್ತಿಗೂ ಬಾಗಿ ನಲುಗಿ, ಒಳಗೆ ಸೇರಿದ ತಾಪವು ಹೆದ್ದಾರಿಯಲ್ಲಿ ಟೈರನ್ನೇ ಸಿಡಿಸಬಲ್ಲುದು. ಹೆಚ್ಚಾದರೆ ನಡುಭಾಗ ಸವೆಯುತ್ತದೆ, ಹಿಡಿತ ಕುಗ್ಗುತ್ತದೆ.

ಚೀಟಿಯಲ್ಲಿರುವುದು ತಣ್ಣನೆಯ ಟೈರಿನ ಲೆಕ್ಕವೆಂಬುದನ್ನು ಮರೆಯಲಾಗದು. ಸುಮಾರು ಐದಾರು ಡಿಗ್ರಿ ಸೆಲ್ಸಿಯಸ್ ಉಷ್ಣತೆ ಏರಿದಂತೆಲ್ಲ ಗಾಳಿಯ ಒತ್ತಡ ಒಂದು ಪೌಂಡಿನಷ್ಟು ಏರುವುದರಿಂದ, ದೂರ ಓಡಿ ಬಂದ ಟೈರು ನಾಲ್ಕೈದು ಪೌಂಡು ಹೆಚ್ಚು ತೋರಿದರೆ ಅದು ಸಹಜಧರ್ಮ. ಆ ಹೆಚ್ಚಳವನ್ನು ಕಂಡು ಗಾಬರಿಯಿಂದ ಗಾಳಿ ಬಿಡಿಸುವವರು ಮರುದಿನ ಬೆಳಗ್ಗೆ ಬಡಕಲು ಟೈರಿನ ಮೇಲೆ ಹೊರಡುತ್ತಾರೆ. ಆದಕಾರಣ ಸ್ವಂತದ್ದೊಂದು ಗೇಜನ್ನು ಕೊಂಡಿಟ್ಟುಕೊಂಡು, ಬಿಸಿಲು ಬೀಳುವ ಮುನ್ನ, ಕಾರನ್ನು ಕದಲಿಸದೆ ಅಳೆಯುವುದೇ ರಸಿಕರ ಮಾರ್ಗ. ವಾಲ್ವಿನ ಟೊಪ್ಪಿಗೆಯನ್ನು ತಿರುಗಿಸಿ ತೆಗೆದು, ಗೇಜನ್ನು ಓರೆಯಾಗದಂತೆ ನೆಟ್ಟಗೆ ಒತ್ತಿದರೆ 'ಚುಸ್' ಎಂಬ ಕ್ಷಣಮಾತ್ರದ ಸದ್ದಿನ ನಂತರ ಮುಳ್ಳು ನಿಲ್ಲುತ್ತದೆ. ಸದ್ದು ನಿಲ್ಲದಿದ್ದರೆ ಒತ್ತಿದ್ದು ಸರಿಯಾಗಿಲ್ಲ. ಗೇಜು ತೆಗೆದ ಮೇಲೆ ವಾಲ್ವಿನ ಬಾಯಿಗೆ ಬೆರಳ ತುದಿಯಿಂದ ಒಂದಿಷ್ಟು ಎಂಜಲು ಸವರಬೇಕು. ಗುಳ್ಳೆ ಎದ್ದರೆ ಒಳಗಿನ ಪಿನ್ನು ಸೋರುತ್ತಿದೆಯೆಂದು ತಿಳಿಯತಕ್ಕದ್ದು. ಈ ಪರೀಕ್ಷೆ ಅಷ್ಟೇನೂ ಸಭ್ಯವಲ್ಲ, ಆದರೆ ಅಮೋಘವಾದದ್ದು.

ಇನ್ನು ಬೆಂಗಳೂರಿನಿಂದ ಶಿರಾಡಿ ಘಾಟಿಯನ್ನಿಳಿದು ಮಂಗಳೂರಿಗೆ ಹೋಗುವವರು ಗಮನಿಸತಕ್ಕ ಒಂದು ಸೂಕ್ಷ್ಮವಿದೆ. ಗೇಜು ಅಳೆಯುವುದು ಒಳಗಿನ ಒತ್ತಡಕ್ಕೂ ಹೊರಗಿನ ವಾತಾವರಣದ ಒತ್ತಡಕ್ಕೂ ಇರುವ ಅಂತರವನ್ನಷ್ಟೆ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ಹೊರಗಿನ ಒತ್ತಡ ಕಡಲ ತಡಿಯಲ್ಲಿರುವುದಕ್ಕಿಂತ ಸುಮಾರು ಒಂದೂವರೆ ಪೌಂಡು ಕಡಿಮೆಯಾದ್ದರಿಂದ, ಅಲ್ಲಿ ಸರಿಯಾಗಿದ್ದ ಟೈರು, ಒಂದು ಗುಳ್ಳೆ ಗಾಳಿಯೂ ಹೊರಹೋಗದಿದ್ದರೂ, ಮಂಗಳೂರಿನಲ್ಲಿ ಅಷ್ಟು ಕಡಿಮೆ ತೋರಬೇಕು. ಆದರೆ ಕರಾವಳಿಯ ಸೆಕೆ ಒತ್ತಡವನ್ನು ಮೇಲಕ್ಕೆತ್ತಿ ಆ ಕೊರತೆಯನ್ನು ಬಹುಮಟ್ಟಿಗೆ ಮುಚ್ಚಿಹಾಕುತ್ತದೆ. ಮಳೆ ಹಿಡಿದು ತಂಪಾದ ದಿನ ಅದು ಬಯಲಿಗೆ ಬರುತ್ತದೆ. ನಾಲ್ಕು ದಿನ ಅಲ್ಲಿಯೇ ತಂಗುವವರು ಭರ್ತಿ ಮಾಡಿಸಿಕೊಳ್ಳಲಿ. ಮರುದಿನವೇ ಘಾಟಿ ಹತ್ತುವವರಿಗೆ ಆ ಶ್ರಮ ಬೇಡ.

ನೈಟ್ರೋಜನ್ ತುಂಬಿಸಬೇಕೆ ಎಂಬ ಪ್ರಶ್ನೆಗೆ ನನ್ನ ಉತ್ತರ ಚಿಕ್ಕದು: ನಾವು ಉಸಿರಾಡುವ ಗಾಳಿಯಲ್ಲೇ ಶೇಕಡ 78ರಷ್ಟು ನೈಟ್ರೋಜನ್ ಇದೆ, ಉಳಿದದ್ದಕ್ಕಾಗಿ ಹಣ ತೆರುವುದು ಅವರವರ ಔದಾರ್ಯ. ಬಂಕಿನ ಗಾಳಿಯಾದರೋ ಉಚಿತ. ಯಾವ ಗಾಳಿಯನ್ನೇ ತುಂಬಿರಿ, ತಿಂಗಳಿಗೊಮ್ಮೆಯಾದರೂ ಅಳೆಯದೆ ಗತ್ಯಂತರವಿಲ್ಲ, ಏಕೆಂದರೆ ರಂಧ್ರವಿಲ್ಲದ ಟೈರೂ ರಬ್ಬರಿನ ಮೂಲಕವೇ ಮೆಲ್ಲಮೆಲ್ಲನೆ ಗಾಳಿಯನ್ನು ಕಳೆದುಕೊಳ್ಳುತ್ತದೆ.

ಡಿಕ್ಕಿಯ ಕತ್ತಲಲ್ಲಿ ಮಲಗಿರುವ ಸ್ಟೆಪ್ನಿಯ ಯೋಗಕ್ಷೇಮವನ್ನೂ ಓದುಗರು ಅಂದೇ ವಿಚಾರಿಸಬೇಕೆಂದು ಪ್ರಾರ್ಥನೆ. ಈಚಿನ ಹಲವು ಕಾರುಗಳಲ್ಲಿ ಕೊಡುವ ತೆಳುವಾದ ತಾತ್ಕಾಲಿಕ ಸ್ಟೆಪ್ನಿಗೆ ಸಾಮಾನ್ಯವಾಗಿ ಬೇಕಾದುದು 60 ಪೌಂಡು, ಮೂವತ್ತೈದಲ್ಲ.