160 ಡಿಗ್ರಿ ಎಂದರೆ ಯಾವುದರ ತಾಪ?

ನಿಮ್ಮ ಟಿ-ಶರ್ಟಿನ ಮೇಲಿನ ಅಕ್ಷರಗಳನ್ನು ಬೆರಳಿನಿಂದ ಮುಟ್ಟಿ ನೋಡಿ. ತೆಳು ರಬ್ಬರಿನಂಥ ಪದರ ಕೈಗೆ ಹತ್ತಿದರೆ ಅದು ಬಹುಮಟ್ಟಿಗೆ ಪ್ಲಾಸ್ಟಿಸಾಲ್ ಶಾಯಿ. ಸ್ಕ್ರೀನ್ ಪ್ರಿಂಟಿಂಗ್ ಮಾಡುವವರು ಇದನ್ನು ಜಾಲರಿಯ ಮೂಲಕ ಬಟ್ಟೆಗೆ ಒತ್ತಿ, ಆಮೇಲೆ ಬಿಸಿಮಾಡುತ್ತಾರೆ. ಬಿಸಿ ಸಾಲದಿದ್ದರೆ ನಾಲ್ಕು ಒಗೆತಕ್ಕೆ ಅಕ್ಷರ ಬಿರಿಯುತ್ತದೆ. ಹೆಚ್ಚಾದರೆ ಬಟ್ಟೆ ಕೆಡುತ್ತದೆ.

ಬೆಂಗಳೂರಿನಲ್ಲಿ ಸಣ್ಣ ಅಚ್ಚಿನ ಘಟಕ ನಡೆಸುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಾನು ಕಲಿತ ತರಬೇತಿ ಟಿಪ್ಪಣಿಯನ್ನು ತಂದು ತೋರಿಸಿದ. ಜಾಲರಿ ಬಿಗಿಯುವುದು, ಶಾಯಿ ಎಳೆಯುವುದು ಇವೆಲ್ಲ ಅದರಲ್ಲಿ ಚೆನ್ನಾಗಿಯೇ ಇವೆ. ಉಷ್ಣದ ವಿಚಾರಕ್ಕೆ ಮಾತ್ರ ಒಂದೇ ಸಾಲು: 160 ಡಿಗ್ರಿಯಲ್ಲಿ ಒಂದು ನಿಮಿಷ ಒಣಗಿಸಬೇಕು. ಈ ಸಾಲಿನ ಬಗ್ಗೆಯೇ ನನ್ನ ತಕರಾರು.

'ಒಣಗಿಸು' ಎಂಬ ಪದವೇ ಸರಿಯಲ್ಲ. ಪ್ಲಾಸ್ಟಿಸಾಲ್‌ನಲ್ಲಿ ಆರಿಹೋಗಬೇಕಾದ ನೀರಿಲ್ಲ. ಎಣ್ಣೆಯಂಥ ದ್ರವವೊಂದರಲ್ಲಿ ಪಿವಿಸಿಯ ಕಣಗಳಿರುತ್ತವೆ. ಕಾಯಿಸಿದಾಗ ಅವು ದ್ರವವನ್ನು ಹೀರಿ, ಉಬ್ಬಿ, ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಪದರದ ತಳದವರೆಗೂ ಸುಮಾರು 160° ಸೆ. ಮುಟ್ಟಿದರೆ ಕೆಲಸ ಮುಗಿಯಿತು. ಆದರೆ ಒಲೆಯ ಫಲಕದಲ್ಲಿ ಕಾಣುವ ಅಂಕಿ ಶಾಯಿಯದಲ್ಲ, ಒಲೆಯದು. ಇವೆರಡರ ನಡುವೆ ಬಟ್ಟೆಯಿದೆ, ಬಟ್ಟೆಯೊಳಗೆ ನೀರಿದೆ.

ಲೆಕ್ಕ ಹಾಕಿ ನೋಡೋಣ. 150 ಗ್ರಾಂ ಒಣ ತೂಕದ ಹತ್ತಿಯ ಅಂಗಿ ಗಾಳಿಯಿಂದಲೇ ಶೇಕಡ 8ರಷ್ಟು, ಅಂದರೆ 12 ಗ್ರಾಂ ನೀರನ್ನು ಹೀರಿಕೊಂಡಿರುತ್ತದೆ. ಹತ್ತಿಯ ವಿಶಿಷ್ಟೋಷ್ಣ ಗ್ರಾಮಿಗೆ ಸುಮಾರು 1.3 ಜೂಲ್. ಅಂಗಿಯನ್ನು 25ರಿಂದ 160 ಡಿಗ್ರಿಗೆ ಏರಿಸಲು ಸುಮಾರು 26 ಕಿಲೋಜೂಲ್ ಬೇಕು. ಆ 12 ಗ್ರಾಂ ನೀರನ್ನು ಆವಿಯಾಗಿಸುವುದಕ್ಕೇ 27 ಕಿಲೋಜೂಲ್ ಬೇಕು! ಮುಟ್ಟಿದರೆ ಒಣಗಿಯೇ ಇದೆ ಎನ್ನಿಸುವ ಅಂಗಿಯ ಕಥೆ ಇದು. ಮಳೆಗಾಲದಲ್ಲಿ ನೀರು ಇನ್ನೂ ಹೆಚ್ಚು.

ಪಾಲಿಯೆಸ್ಟರ್ ಹಿಡಿದಿಡುವ ನೀರು ಶೇಕಡ 0.4ರಷ್ಟು ಮಾತ್ರ. ಒಲೆ ಕೊಟ್ಟ ಉಷ್ಣವೆಲ್ಲ ನೇರವಾಗಿ ತಾಪವನ್ನೇ ಏರಿಸುತ್ತದೆ. ಬಿಸಿಗೆ ಬೇಗ ಕೆಡುವ ಬಟ್ಟೆಯೂ ಅದೇ. ಹತ್ತಿ ಅತಿಯಾಗಿ ಕಾದರೆ ಹಳದಿಯಾಗುತ್ತದೆ. ಪಾಲಿಯೆಸ್ಟರ್ ಸುಮಾರು 260 ಡಿಗ್ರಿಗೆ ಕರಗುತ್ತದಾದರೂ ಅದಕ್ಕೆ ಬಹಳ ಮೊದಲೇ ಕುಗ್ಗುತ್ತದೆ, ಅದಕ್ಕೆ ಹಾಕಿದ ಡಿಸ್ಪರ್ಸ್ ಬಣ್ಣಗಳು ಎಳೆಯಿಂದ ಹೊರಟು ಮೇಲಿನ ಶಾಯಿಯನ್ನು ಸೇರುತ್ತವೆ.

ನನ್ನ ವಿದ್ಯಾರ್ಥಿಗೆ ಆದದ್ದು ಇದೇ. ಜುಲೈ ತಿಂಗಳಲ್ಲಿ ಹತ್ತಿಯ ಅಂಗಿಗಳ ಅಚ್ಚು ಬಿರಿಯುತ್ತಿತ್ತೆಂದು ಒಲೆಯ ತಾಪ ಏರಿಸಿದ. ಅದೇ ಏರ್ಪಾಟಿನಲ್ಲಿ ಶಾಲೆಯೊಂದರ ಕೆಂಪು ಪಾಲಿಯೆಸ್ಟರ್ ಜರ್ಸಿಗಳನ್ನೂ ಹಾಯಿಸಿದ. ಸಂಜೆ ಬೆಳ್ಳಗಿದ್ದ ಅಂಕಿಗಳು ಎರಡು ದಿನದಲ್ಲಿ ಗುಲಾಬಿಯಾದವು. ಅಷ್ಟನ್ನೂ ಕೈಯಿಂದಲೇ ತುಂಬಿಕೊಟ್ಟ. ಗುಪ್ತೋಷ್ಣವನ್ನು ಅವನಿಗೆ ಪಾಠ ಮಾಡಿದವನು ನಾನೇ. ಮಂಜುಗಡ್ಡೆ ಮತ್ತು ಕುದಿಯುವ ನೀರನ್ನು ಬಿಟ್ಟು ಬೇರೊಂದು ಉದಾಹರಣೆ ಕೊಟ್ಟ ನೆನಪು ನನಗಿಲ್ಲ.

ಆ ಟಿಪ್ಪಣಿಯಲ್ಲಿ ಏನಿರಬೇಕಿತ್ತು? ಹತ್ತಿ ತೇವವಾಗಿದ್ದರೆ ತಾಪ ಏರಿಸುವುದಲ್ಲ, ಸಾಗುಪಟ್ಟಿಯನ್ನು ನಿಧಾನಗೊಳಿಸಬೇಕು. ಇಲ್ಲವೇ ಅಚ್ಚಿಗೆ ಮೊದಲೇ ಅಂಗಿಯನ್ನು ಒಮ್ಮೆ ಬೆಚ್ಚಗೆ ಮಾಡಿ ನೀರು ಕಳೆಯಬೇಕು. ಪಾಲಿಯೆಸ್ಟರಿಗೆ 130 ಡಿಗ್ರಿಯ ಆಸುಪಾಸಿನಲ್ಲೇ ಬೆಸೆಯುವ ಶಾಯಿಗಳಿವೆ, ಅವನ್ನೇ ಬಳಸಬೇಕು. ಬಿಸಿಗೆ ಬಣ್ಣ ಬದಲಿಸುವ ಅಂಟುಪಟ್ಟಿಯನ್ನು ಅಚ್ಚಿನ ಪಕ್ಕದಲ್ಲೇ ಅಂಟಿಸಿ ಒಳಗೆ ಕಳುಹಿಸಿದರೆ ಬಟ್ಟೆ ಎಷ್ಟು ಕಾಯಿತೆಂದು ಅದೇ ಹೇಳುತ್ತದೆ. ಅವನ ಘಟಕದಲ್ಲಿ ಈಗ ಪ್ರತಿ ಹೊಸ ಕಂತಿನ ಮೊದಲ ಅಂಗಿ ಆ ಪಟ್ಟಿಯೊಂದಿಗೇ ಒಲೆಗೆ ಹೋಗುತ್ತದೆ.